ಅಜ್ಜಿ ಎಳೆದ ಕೆಂಪು ಗೀಟು

ಸಂಜೀವಕುಮಾರನ ಹೊಟ್ಟೆಗೆ ಬೆಂಕಿ ಬಿದ್ದದ್ದು ಒಂದು ಫೋನಿನಿಂದ. ಕಲಬುರಗಿಯಲ್ಲಿ ದೊಡ್ಡ ಬಟ್ಟೆ ಅಂಗಡಿ ಇಟ್ಟಿದ್ದ ಜಯಮಾಲಾ ಮೇಡಂ ಮದುವೆ ಸೀಸನ್ನಿಗೆ ಲೆಹಂಗಾದ ಹೊಸ ಡಿಸೈನು ಹುಡುಕುತ್ತಿದ್ದರು. 'ಬಸವಕಲ್ಯಾಣದ ಸೈಮಾ ಒಂದು ಮಾಡಾಕತ್ಯಾಳ. ನೀವೂ ಒಂದು ತೋರಸ್ರಿ. ಚಲೋ ಇದ್ದದ್ದು ತಗೋತೀನಿ' ಅಂದರು. ಆ 'ನೀವೂ' ಅನ್ನೋ ಮಾತಿನ ಬಾಲದಲ್ಲಿದ್ದ 'ಊ' ಅವನಿಗೆ ಮುಳ್ಳಿನಂತೆ ಚುಚ್ಚಿತು. ಹುಮನಾಬಾದಿನ ಬಜಾರದಲ್ಲಿ ಬೂಟಿಕ್ ಎಂಬ ಬೋರ್ಡನ್ನು ಎಲ್ಲರಿಗಿಂತ ಮೊದಲು ಹಾಕಿದವನು ಅವನು. ಈಗ ಅವನೇ ಎರಡನೆಯವನಾಗಿದ್ದ.

ಅಷ್ಟಕ್ಕೂ ಈ ಸೈಮಾ ಯಾರು? ಅವನ ಅಂಗಡಿಯಲ್ಲೇ ಕೂತು ಡಿಸೈನು ಬರೆಯುತ್ತಿದ್ದ ಹುಡುಗಿ. ಯಾವ ಕೆಲಸ ಕೊಟ್ಟರೂ ಮೊದಲು ದಿನಗಟ್ಟಲೆ ನೋಡುವುದೇ ಅವಳ ಕೆಲಸ. ಬಟ್ಟೆ ನೋಡುತ್ತಿದ್ದಳು, ಮದುವೆ ಫೋಟೋ ನೋಡುತ್ತಿದ್ದಳು, ಕಂಡವರ ಅಂಗಡಿಗೆಲ್ಲ ಹೋಗಿ ನೋಡುತ್ತಿದ್ದಳು. 'ನೋಡೂದಕ್ಕ ನಾ ಪಗಾರ ಕೊಡಂಗಿಲ್ಲವಾ, ಮಾಡೂದಕ್ಕ ಕೊಡ್ತೀನಿ' ಎಂದು ಅವನು ಒಂದು ದಿನ ಗದರಿದ. ಮರುದಿನ ಅವಳು ಬರಲಿಲ್ಲ. ಬಸವಕಲ್ಯಾಣದ ತನ್ನ ಮನೆಯ ಮುಂದಿನ ಕೋಣೆಯಲ್ಲೇ ಸ್ವಂತ ಕೆಲಸ ಹೂಡಿದಳು. ಈಗ ಹುಮನಾಬಾದಿನ ಮದುಮಕ್ಕಳೇ ಬಸ್ಸು ಹತ್ತಿ ಅವಳಲ್ಲಿಗೆ ಹೋಗುತ್ತಿದ್ದರು. ಆ ಬಸ್ಸು ಇವನ ಅಂಗಡಿಯ ಮುಂದೆಯೇ ಹಾದು ಹೋಗುತ್ತಿತ್ತು.

ಕಳ್ಳರ ಬಗ್ಗೆ ಸಂಜೀವಕುಮಾರನಿಗೆ ಮೊದಲಿನಿಂದಲೂ ತಿರಸ್ಕಾರ. ಕದಿಯುವುದು ದೊಡ್ಡ ಮಾತಲ್ಲ, ಆದರೆ ಮೂರ್ಖರು ಸಿಕ್ಕಿಬೀಳುತ್ತಾರೆ. ಅವನ ಯೋಜನೆಯಲ್ಲಿ ಸಿಕ್ಕಿಬೀಳುವ ಪಾತ್ರ ಸೈಮಾಳದು. ಅವಳ ಡಿಸೈನನ್ನು ಅವಳಿಗಿಂತ ಮೊದಲು ತಾನೇ ತೋರಿಸುವುದು. ಆಮೇಲೆ ಅವಳು ಅದನ್ನೇ ಹೊತ್ತು ತಂದರೆ ಕಳ್ಳಿ ಯಾರಾದಳು? ಒಂದು ಸಲ ಆ ಹೆಸರು ಅಂಟಿತೆಂದರೆ ಕಲಬುರಗಿಯಿಂದ ಬೀದರಿನವರೆಗೆ ಯಾರೂ ಅವಳ ಕೈಗೆ ಬಟ್ಟೆ ಕೊಡುವುದಿಲ್ಲ. ಹುಡುಗಿ ಮತ್ತೆ ತನ್ನ ಅಂಗಡಿಯ ಬಾಗಿಲಿಗೇ ಬಂದು ನಿಲ್ಲಬೇಕು. ಆಗ ದೊಡ್ಡ ಮನಸ್ಸು ಮಾಡಿ ಕೆಲಸ ಕೊಡುವುದೆಂದೂ ಅವನು ತೀರ್ಮಾನಿಸಿಬಿಟ್ಟಿದ್ದ.

ತಮ್ಮನ ಮಗಳ ಮದುವೆ ಕಾರ್ಡು ಹಿಡಿದು ಬಸವಕಲ್ಯಾಣಕ್ಕೆ ಹೋದ. ಕಾರ್ಡು ಕೊಡಲು ಬಂದವನನ್ನು ಯಾರು ಅನುಮಾನಿಸುತ್ತಾರೆ?

'ಬರ್ರಿ ಸಾಹೇಬ್ರ, ಕೂಡ್ರಿ' ಎಂದಳು ಸೈಮಾ. ಹಳೆಯ ಸಿಟ್ಟು ಮುಖದಲ್ಲಿ ಕಾಣಲಿಲ್ಲ. 'ಅಮ್ಮಿಗೆ ಚಾ ಮಾಡಾಕ ಹೇಳ್ತೀನ್ರಿ.'

ಅವಳು ಒಳಗೆ ಹೋದಳು. ಮೇಜಿನ ಮೇಲೆ ಅರೆಬರೆ ಪೆನ್ಸಿಲ್ ಗೀಚುಗಳಿದ್ದವು. ಅವನ್ನು ಅವನು ಕಣ್ಣೆತ್ತಿಯೂ ನೋಡಲಿಲ್ಲ. ಗೋಡೆಯ ಬೋರ್ಡೇ ಮಾತಾಡುತ್ತಿತ್ತಲ್ಲ. ರೇಷ್ಮೆ ತುಂಡುಗಳನ್ನು ಒಪ್ಪವಾಗಿ ಸಾಲಾಗಿ ಚುಚ್ಚಿದ್ದಳು. ಪ್ರತಿ ತುಂಡಿನಲ್ಲೂ ದಟ್ಟ ಕಸೂತಿಯ ಹೂವು, ಹೂವಿನ ಮೇಲೆ ಓರೆಯಾಗಿ ಹಾಯ್ದ ಒಂದು ಕೆಂಪು ದಾರ. ಹೂವು ಎಲ್ಲರೂ ಮಾಡುತ್ತಾರೆ, ಇಂಥ ಗೀಟು ಎಳೆಯುವ ಧೈರ್ಯ ಯಾರಿಗಿದೆ? ಹೊಟ್ಟೆಕಿಚ್ಚಿನ ನಡುವೆಯೂ ಅವನಿಗೆ ಭಲೇ ಅನ್ನಿಸಿತು. ಮೊಬೈಲು ತೆಗೆದು ಒಂದನ್ನೂ ಬಿಡದೆ ಫೋಟೋ ಹೊಡೆದುಕೊಂಡ. ಚಹಾ ಬಂದಾಗ ಒಳಗಿದ್ದ ಅವಳ ತಾಯಿಗೆ ಕೇಳಿಸುವಂತೆ ಹೊಗಳಿ ಕುಡಿದ.

ಬರೀ ಫೋಟೋ ನೋಡಿ ಹೊಲಿಸಿದ್ದರೆ ಅವನು ಸಾಧಾರಣ ಕಳ್ಳನಾಗುತ್ತಿದ್ದ. ಮೇಡಂ ಹುಷಾರಿ ಹೆಂಗಸು. ಇದು ಹ್ಯಾಂಗ ಹೊಳೀತು ಎಂದು ಕೇಳಿಯೇ ಕೇಳುತ್ತಾರೆ. ಹಾಗಾಗಿ ಸಂಜೀವಕುಮಾರ ಡಿಸೈನಿನ ಕೆಲಸವನ್ನು ತುದಿಯಿಂದ ಬುಡಕ್ಕೆ ಮಾಡಿದ. ಮೊದಲು ತಯಾರಾದ ಹೂವು ಬರೆದ. ಅದನ್ನೇ ಸ್ವಲ್ಪ ಕೆಡಿಸಿ ಇನ್ನೊಂದು, ಇನ್ನೂ ಕೆಡಿಸಿ ಮತ್ತೊಂದು. ಕೊನೆಗೆ ಉಳಿದದ್ದನ್ನು ಮೊಟ್ಟಮೊದಲ ಕಲ್ಪನೆ ಎಂದು ಕರೆದ. ಕೆಲವು ಹಾಳೆಗಳನ್ನು ಮುದುಡಿ ಬಿಡಿಸಿದ, ಕೆಲವಕ್ಕೆ ಚಹಾದ ಕಲೆ ಹಚ್ಚಿದ. ನಾರಾಯಣಪುರದ ಗುಡಿಗೆ ಹೋಗಿ ಕಂಬದಲ್ಲಿ ಕೆತ್ತಿದ ಬಳ್ಳಿಯನ್ನು ಗಲ್ಲಕ್ಕೆ ಕೈಕೊಟ್ಟು ನೋಡುತ್ತ ನಿಂತು ಫೋಟೋ ತೆಗೆಸಿಕೊಂಡ. ಹೂವಿಗೆ ಮೂಲ ಸಿಕ್ಕಿತು.

ಕೆಂಪು ಗೀಟಿಗೆ ಮಾತ್ರ ಗುಡಿಯಲ್ಲಿ ಏನೂ ಸಿಗಲಿಲ್ಲ. ಆಗ ನೆನಪಾದವಳು ತನ್ನ ಅಜ್ಜಿ ರುಕ್ಮಿಣಿಬಾಯಿ. ಆಕೆ ಸೂಜಿ ಹಿಡಿದದ್ದನ್ನು ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಆದರೆ ಆಕೆ ತೀರಿಕೊಂಡು ಬಹಳ ಕಾಲವಾಗಿತ್ತು, ಇಲ್ಲವೆನ್ನಲು ಬರುವಂತಿರಲಿಲ್ಲ. ಹೊದೆಯುವ ಹಳೆಯದೊಂದು ಕೌದಿ ಹುಡುಕಿ ಅದರ ಮೇಲೆ ಕೆಂಪು ದಾರದ ಓರೆ ಗೀಟು ಹಾಕಿಸಿದ, ಬಿಸಿಲಿಗೆ ಬಿಟ್ಟು ಬಣ್ಣ ಮಾಸಿಸಿದ. ಹೇಳಿ ಹೇಳಿ ರೂಢಿಯಾಗಿ, ಅಜ್ಜಿ ಹೊಸ್ತಿಲಲ್ಲಿ ಕೂತು ಹೊಲಿಯುವುದು ಅವನಿಗೇ ಕಾಣತೊಡಗಿತು. ಒಂದು ದಿನ ಕಣ್ಣೂ ತೇವವಾಯಿತು. ಇಷ್ಟು ಮೈಮುರಿದು ಅವನು ಹಿಂದೆಂದೂ ದುಡಿದಿರಲಿಲ್ಲ.

ಕಸೂತಿಗೆ ಕೂತ ಕೆಲಸಗಾರ ದಿಗಂಬರ ಫೋಟೋ ನೋಡಿ ಕೇಳಿದ, 'ಈ ಕೆಂಪು ಗೀಟು ಹಿಂಗ ಇರ್ಲೇನ್ರಿ ಮಾಲಕ್ರ?'

'ಇರ್ಲಿ. ಇನ್ನ ದಪ್ಪ ಮಾಡು. ಇದರ ಜೀವಾನೇ ಅದರಾಗ ಅದ.'

ಜಯಮಾಲಾ ಮೇಡಂ ಹುಮನಾಬಾದಿಗೇ ಬಂದರು. ಸಂಜೀವಕುಮಾರ ಗುಡಿಯ ಫೋಟೋ ತೋರಿಸಿದ, ಮುದುಡಿದ ಹಾಳೆ ತೋರಿಸಿದ, ಕೌದಿ ಬಿಚ್ಚಿದ. ಅಜ್ಜಿಯ ಹೆಸರು ಬಂದಲ್ಲಿ ಕಣ್ಣೊರೆಸಿಕೊಂಡ. ಕೊನೆಗೆ ಲೆಹಂಗಾ ಹರವಿದ.

'ಗೀಟು ಎಲ್ಲಾ ನಮ್ಮ ಅಜ್ಜೀದರಿ. ಹೂವು ನನ್ನ ತಲ್ಯಾಗಿಂದು. ಯಾರದೂ ನೋಡಿ ಮಾಡಿದ್ದಲ್ರಿ' ಎಂದ.

ಮೇಡಂ ಲೆಹಂಗಾವನ್ನು ಹತ್ತಿರಕ್ಕೆಳೆದುಕೊಂಡು ಒಂದೊಂದೇ ಹೂವು ನೋಡತೊಡಗಿದರು. ಮೆಚ್ಚಿಕೊಂಡರು ಎಂದುಕೊಂಡು ಅವನು, ಇನ್ನೊಂದು ಮಾತನ್ನೂ ಈಗಲೇ ಹೇಳಿಬಿಡೋಣವೆಂದು, ದನಿ ತಗ್ಗಿಸಿದ. 'ಆ ಸೈಮಾ ನಮ್ಮಲ್ಲೇ ಇದ್ದಾಕಿ. ನಾಳೆ ಇದನ್ನ ಹೊತ್ತು ತಂದು ನಂದು ಅಂದ್ರೂ ಅಂದಾಳರಿ.'

'ಆಕಿ ಇದನ್ನ ತರಂಗಿಲ್ರಿ' ಎಂದರು ಮೇಡಂ, ದಪ್ಪ ಕೆಂಪು ಗೀಟಿನ ಮೇಲೆ ಬೆರಳಾಡಿಸುತ್ತ. 'ಈ ಹೂವು ನಮ್ಮವು. ಹೋದ ವರ್ಷ ನಮ್ಮ ಅಂಗಡ್ಯಾಗ ಇಟ್ಟಿದ್ವಿ, ಯಾರೂ ತಗೊಳ್ಳಲಿಲ್ಲ. ಈ ಸಲ ಕೆಲಸ ಶುರು ಮಾಡೋಕಿಂತ ಮೊದಲ ಸೈಮಾ ನನ್ನ ಕಡೆ ಬಂದಿದ್ದಳು. ನಿಮ್ಮಲ್ಲಿ ಆಗಿ ಹೋದ ಡಿಸೈನು ಯಾವ್ಯಾವು ಅದಾವ, ಒಂದೊಂದು ತುಂಡು ಕೊಡ್ರಿ ಅಂದ್ಳು. ನನ್ನ ಎದುರಿಗೇ ಕುಂತು, ಇದು ಬ್ಯಾಡ, ಇದೂ ಬ್ಯಾಡ ಅಂತ ಒಂದೊಂದರ ಮ್ಯಾಲೂ ಕೆಂಪು ದಾರ ಎಳದಳು.'