ನೀಲಿ ಕಣ್ಣಿನ ಗೂಬೆ

"ಏ, ಅಲ್ಲಾಡಿಸಬೇಡ! ಅಲ್ಲಾಡಿಸಿದರೆ ಔಟ್!"

ತ್ರಿಶಾ ಕೂಗಿದ್ದೇ ತಡ, ರಂಜಿತ್ ಕಿವಿಯ ಹತ್ತಿರ ಹಿಡಿದಿದ್ದ ಬೆಂಕಿಪೆಟ್ಟಿಗೆಯನ್ನು ಕೆಳಗಿಳಿಸಿದ. ವಾಮದಪದವಿನ ಶಾಲೆಯ ಹಿಂದಿನ ಜಗಲಿಯಲ್ಲಿ ಐದನೇ ಕ್ಲಾಸಿನ ಅರ್ಧಕ್ಕರ್ಧ ಮಕ್ಕಳು ಮೊಣಕಾಲೂರಿ ಕೂತಿದ್ದರು. ಊಟದ ತಟ್ಟೆ ತೊಳೆದ ಕೈಗಳು ಇನ್ನೂ ಒದ್ದೆಯಾಗಿದ್ದವು.

"ಮೆಲ್ಲ ತೆಗಿ. ಗೇಮಿನಲ್ಲಿ ಹಾಗೇ ಇರುವುದು. ಮೊದಲು ಬೆಳಕು ಬರ್ತದೆ, ಆಮೇಲೆ ಮುಚ್ಚಳ," ಎಂದಳು ತ್ರಿಶಾ.

ರಂಜಿತ್ ಹೆಬ್ಬೆರಳಿನಿಂದ ಪೆಟ್ಟಿಗೆಯನ್ನು ನೂಕಿದ. ಎಲ್ಲರ ಕತ್ತೂ ಮುಂದಕ್ಕೆ ಬಾಗಿತು. ಒಳಗಿದ್ದದ್ದು ಒಂದು ರಬ್ಬರಿನ ತುಂಡು.

"ಅಯ್ಯೋ ಮಾರಾಯ್ತಿ, ಮೊನ್ನೆಯೂ ರಬ್ಬರ್, ಇವತ್ತೂ ರಬ್ಬರ್! ನಾನೇನು ರಬ್ಬರಿನ ಅಂಗಡಿ ಇಡುವುದಾ?"

ಎಲ್ಲರೂ ನಕ್ಕರು. ರಂಜಿತನ ಕಣ್ಣು ಮಾತ್ರ ರಟ್ಟಿನ ಡಬ್ಬಿಯಲ್ಲಿ ಉಳಿದ ಪೆಟ್ಟಿಗೆಗಳ ಮೇಲೆಯೇ ಇತ್ತು. ಅವುಗಳಲ್ಲಿ ಯಾವುದೋ ಒಂದರಲ್ಲಿ ಗೂಬೆಯ ಚೀಟಿ ಉಂಟು ಎಂದು ತ್ರಿಶಾ ಹೇಳಿದ್ದಳು. ಆ ಚೀಟಿ ಸಿಕ್ಕವರಿಗೆ ಅವಳ ಗೂಬೆ ಕೀಚೈನ್. ಅದರ ಹೊಟ್ಟೆ ಒತ್ತಿದರೆ ಎರಡೂ ಕಣ್ಣುಗಳಲ್ಲಿ ನೀಲಿ ಬೆಳಕು ಬರುತ್ತಿತ್ತು. ಅಂಥದ್ದು ಇಡೀ ಶಾಲೆಯಲ್ಲಿ ಇನ್ನೊಂದು ಇರಲಿಲ್ಲ.

ಒಂದು ಪೆಟ್ಟಿಗೆ ತೆರೆಯಬೇಕಾದರೆ ಐದು ಮಂಜೊಟ್ಟಿ ಕೊಡಬೇಕು. ಮಂಜೊಟ್ಟಿ ಎಂದರೆ ಶಾಲೆಯ ಬೇಲಿಯಾಚೆಯ ಮರದಿಂದ ಉದುರುವ, ಕೆಂಪು ಮಣಿಯಂಥ ಬೀಜ. "ಗೇಮಿನಲ್ಲಿ ಡೈಮಂಡ್ ಇದ್ದ ಹಾಗೆ ಇಲ್ಲಿ ಮಂಜೊಟ್ಟಿ," ಎಂದು ತ್ರಿಶಾ ಮೊದಲ ದಿನವೇ ರೂಲ್ ಮಾಡಿದ್ದಳು. ಈಗ ಆ ಮರದ ಬುಡದಲ್ಲಿ ಹುಡುಕಿದರೂ ಒಂದು ಬೀಜ ಸಿಗುತ್ತಿರಲಿಲ್ಲ.

ಈ ಆಟ ಹುಟ್ಟಿದ್ದು ತ್ರಿಶಾಳ ಅಪ್ಪನ ಮೊಬೈಲಿನಿಂದ. ಅದರಲ್ಲಿ ಬಂದೂಕು ಹಿಡಿದು ಓಡುವ ಒಂದು ಗೇಮ್ ಇತ್ತು. ನಿಜ ಹೇಳಬೇಕೆಂದರೆ ತ್ರಿಶಾಳಿಗೆ ಗುಂಡು ಹೊಡೆಯುವುದಕ್ಕಿಂತ, ಆಟ ಮುಗಿದ ಮೇಲೆ ಸಿಗುವ ಪೆಟ್ಟಿಗೆಯೇ ಇಷ್ಟ. ಪೆಟ್ಟಿಗೆ ಗಡಗಡ ನಡುಗುತ್ತಿತ್ತು. ಸಂದಿಯಿಂದ ಬೆಳಕು ಸೋರುತ್ತಿತ್ತು. ಚಿನ್ನದ ಬಣ್ಣದ ಬಂದೂಕು ತಿರುಗುತ್ತಾ ಬಂದು ಇನ್ನೇನು ನಿಂತಿತು ಅನ್ನುವಾಗ ಮುಂದೆ ಜಾರಿ, ಅದೇ ಹಳೆಯ ಹಸಿರು ಟೊಪ್ಪಿ ಸಿಗುತ್ತಿತ್ತು. ಬೇಸರವಾಗುವ ಮೊದಲೇ 'ಇನ್ನೊಂದು' ಅನ್ನಿಸುತ್ತಿತ್ತು.

ಅವರದು ಜೈನರ ಮನೆ, ಹೊತ್ತು ಮುಳುಗುವ ಮೊದಲೇ ಊಟ. ಮುಳುಗಿದ ಮೇಲೆ ಅಜ್ಜಿ ಪುಷ್ಪಾವತಿ ಒಂದು ಅಗುಳೂ ಮುಟ್ಟುವವರಲ್ಲ. ಒಂದು ಸಂಜೆ ಅಜ್ಜಿ ಕರೆದಾಗಲೆಲ್ಲ ತ್ರಿಶಾ, "ಇದೊಂದೇ ಪೆಟ್ಟಿಗೆ ಅಜ್ಜಿ, ಬಂದೆ," ಎನ್ನುತ್ತಲೇ ಕೂತಳು. ತಲೆ ಎತ್ತಿ ನೋಡಿದಾಗ ಅಂಗಳ ಕಪ್ಪಾಗಿತ್ತು. ಮೊಮ್ಮಗಳಿಗೆ ಕಾಯುತ್ತಾ ಕೂತ ಅಜ್ಜಿ ಹಸಿದುಕೊಂಡೇ ಮಲಗಿದರು. ಬೆಳಿಗ್ಗೆ ಅಪ್ಪ ಗೇಮನ್ನು ಡಿಲೀಟ್ ಮಾಡಿದರು.

ಗೇಮ್ ಹೋಯಿತು, ಪೆಟ್ಟಿಗೆಯ ಹುಚ್ಚು ಹೋಗಲಿಲ್ಲ. ಊರಿನ ಬಸದಿಯಲ್ಲಿ ದೀಪ ಹಚ್ಚುವ ಕೆಲಸ ತ್ರಿಶಾಳ ಮನೆಯವರದು. ಖಾಲಿ ಬೆಂಕಿಪೆಟ್ಟಿಗೆಗಳಿಗೇನು ಬರ? ಬಣ್ಣದ ಕಾಗದ ಸುತ್ತಿ, ಒಳಗೆ ರಬ್ಬರು, ರಿಬ್ಬನ್ನು, ಪೆನ್ನಿನ ಮುಚ್ಚಳ ಹಾಕಿ ಶಾಲೆಗೆ ತಂದಳು. ಒಂದೇ ವಾರದಲ್ಲಿ ಅವಳು ಕ್ಲಾಸಿನ ದೊಡ್ಡ ಜನ ಆಗಿಬಿಟ್ಟಳು.

ಆದರೆ ಯಾರಿಗೂ ಗೊತ್ತಿಲ್ಲದ ಒಂದು ಸಂಗತಿ ಇತ್ತು. ಗೂಬೆಯ ಚೀಟಿಯನ್ನು ತ್ರಿಶಾ ಯಾವ ಪೆಟ್ಟಿಗೆಗೂ ಹಾಕಿರಲಿಲ್ಲ. ಅದು ಅವಳ ಕಂಪಾಸ್ ಬಾಕ್ಸಿನ ಅಡಿಯಲ್ಲಿ ಮಡಚಿಕೊಂಡು ಕೂತಿತ್ತು. ಗೂಬೆ ಹೋದರೆ ಆಟವೂ ಮುಗಿಯಿತಲ್ಲ! 'ಕೊನೆಯ ದಿನ ಹಾಕಿದರಾಯಿತು' ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಅದರ ಬದಲಿಗೆ ಕೆಲವು ಪೆಟ್ಟಿಗೆಗಳಲ್ಲಿ ಗೂಬೆಯ ಒಂದೇ ಕಣ್ಣು ಬಿಡಿಸಿದ ಚೀಟಿ ಹಾಕಿದ್ದಳು. ಅದು ಸಿಕ್ಕವರು, "ಛೇ, ಸ್ವಲ್ಪದರಲ್ಲಿ ತಪ್ಪಿತು!" ಎಂದು ಮರುದಿನ ತಪ್ಪದೆ ಬರುತ್ತಿದ್ದರು.

"ನನಗೊಂದು," ಎಂದು ರಮ್ಯಶ್ರೀ ಕೈ ಚಾಚಿದಳು.

ರಮ್ಯಶ್ರೀ ತ್ರಿಶಾಳ ಬೆಂಚಿನಲ್ಲೇ ಕೂರುವವಳು. ಮಾತು ಕಡಿಮೆ. ಉಳಿದವರ ಮಂಜೊಟ್ಟಿ ಮುಗಿದರೂ ಅವಳ ಹತ್ತಿರ ಮುಗಿದಿರಲಿಲ್ಲ. ಅವಳು ತರುತ್ತಿದ್ದದ್ದು ಬೇರೆಯೇ ತರದವು. ಮರದ ಕೆಳಗೆ ಹೆಕ್ಕಿದ್ದು ತಿಳಿಗೆಂಪು. ಇವು ಕಡುಗೆಂಪು, ಕೈಯಲ್ಲಿ ಹಿಡಿದರೆ ಜಾರುವಷ್ಟು ನುಣುಪು. ಎಲ್ಲಿಂದ ತಂದೆ ಎಂದು ತ್ರಿಶಾ ಒಮ್ಮೆಯೂ ಕೇಳಲಿಲ್ಲ.

ರಮ್ಯಶ್ರೀ ಕಣ್ಣು ಮುಚ್ಚಿ ಪೆಟ್ಟಿಗೆ ತೆರೆದಳು. ಒಂದು ಕಣ್ಣಿನ ಚೀಟಿ.

"ಮುಂದಿನ ಸಲ ಖಂಡಿತ ಬರ್ತದೆ," ಎಂದಳು ತ್ರಿಶಾ.

"ಹೌದಲ್ಲ?" ಎಂದಳು ರಮ್ಯಶ್ರೀ. ಅವಳು ನಿಜವಾಗಿ ನಂಬಿದ್ದಳು.

* * *

ಶನಿವಾರ ಮಧ್ಯಾಹ್ನ ಅಜ್ಜಿ ತ್ರಿಶಾಳನ್ನು ಕರೆದುಕೊಂಡು ರಮ್ಯಶ್ರೀಯ ಮನೆಗೆ ಹೊರಟರು. ರಮ್ಯಶ್ರೀಯ ಅಜ್ಜಿ ತ್ರಿಪುರಸುಂದರಮ್ಮನಿಗೆ ಸ್ಟ್ರೋಕ್ ಆಗಿ ಬಲಗೈ ಸೋತಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ನೋಡಲು ಹೋಗಿರಲಿಲ್ಲವೆಂದು ಅಜ್ಜಿಗೆ ಸಂಕಟ.

ತ್ರಿಪುರಸುಂದರಮ್ಮ ಚಾವಡಿಯಲ್ಲಿ ಗೋಡೆಗೊರಗಿ ಕೂತಿದ್ದರು. "ಬಂದೆಯಾ ಪುಷ್ಪಾವತಿ? ಕೂತುಕೋ. ರಮ್ಯಾ, ಆ ಚೆನ್ನೆಮಣೆ ತಾ. ಇವಳ ಜೊತೆ ಒಂದು ಆಟ ಆಡುವ."

"ಇದೆಂಥದು? ಮಳೆಗಾಲದ ಆಟಿ ತಿಂಗಳಲ್ಲದೆ ಮಣೆ ಮುಟ್ಟಬಾರದು ಅಂತ ನೀನೇ ಹೇಳುತ್ತಿದ್ದವಳಲ್ಲವಾ?"

"ಈಗ ಡಾಕ್ಟರೇ ಹೇಳಿದ್ದು, ದಿನಾಲೂ ಆಡಬೇಕಂತೆ. ಕಾಯಿ ಹೆಕ್ಕಿ ಹೆಕ್ಕಿ ಮಣೆಯ ಗುಳಿಗಳಿಗೆ ಹಾಕಿದರೆ ಬೆರಳಿಗೆ ಜೀವ ಬರ್ತದಂತೆ."

ರಮ್ಯಶ್ರೀ ಮಣೆ ತಂದಿಟ್ಟಳು. ಎರಡು ಸಾಲು ಗುಳಿಗಳ, ಕಪ್ಪಗೆ ಮಿಂಚುವ ಹಳೆಯ ಮರದ ಮಣೆ. ಜೊತೆಗೊಂದು ಬಟ್ಟೆಯ ಚೀಲ. ತ್ರಿಪುರಸುಂದರಮ್ಮ ಎಡಗೈಯಿಂದ ಚೀಲದ ಕಾಯಿಗಳನ್ನು ಸುರಿದರು. ಕಡುಗೆಂಪು, ನುಣುಪು ಮಂಜೊಟ್ಟಿಗಳು.

ತ್ರಿಶಾ ರಮ್ಯಶ್ರೀಯ ಕಡೆ ತಿರುಗಿದಳು.

"ಕೊಕ್ಕಡದ ನನ್ನ ತವರಿನವು," ಎಂದರು ತ್ರಿಪುರಸುಂದರಮ್ಮ. "ಮದುವೆಯಾಗಿ ಬರುವಾಗ ಅಮ್ಮ ಕೊಟ್ಟದ್ದು." ಸೆಟೆದ ಬೆರಳುಗಳಿಂದ ಒಂದೊಂದೇ ಕಾಯಿ ಹೆಕ್ಕಿ, ಗುಳಿಗೆ ನಾಲ್ಕರಂತೆ ತುಂಬಿಸತೊಡಗಿದರು. ಒಂದು ಕಾಯಿ ಹಿಡಿಯಲು ಮೂರು ಸಲ ಕೈ ಹಾಕಬೇಕಾಗುತ್ತಿತ್ತು. ಹಣೆಯ ಮೇಲೆ ಬೆವರು ಬಂತು. ಎರಡನೇ ಸಾಲಿನ ನಡುವೆಯೇ ಕಾಯಿಗಳು ಮುಗಿದುಹೋದವು. ಮುಂದಿನ ಗುಳಿಗಳು ಖಾಲಿಯೇ ಉಳಿದವು.

"ನೋಡಿದೆಯಾ? ಮೊನ್ನೆಗಿಂತ ಕಮ್ಮಿ ಆಗಿದೆ." ಅವರ ದನಿ ಸಣ್ಣದಾಯಿತು. "ಈ ಕೈಗೆ ಸ್ಪರ್ಶವೇ ಇಲ್ಲ ಪುಷ್ಪಾವತಿ. ಹಿಡಿದದ್ದು ಬಿದ್ದರೂ ಗೊತ್ತಾಗುವುದಿಲ್ಲ. ಎಲ್ಲೆಲ್ಲಿ ಬೀಳಿಸಿದ್ದೇನೋ. ಅಮ್ಮ ಕೊಟ್ಟದ್ದನ್ನು ಹೀಗೆ ಕಳೆಯುವುದಕ್ಕಿಂತ ಆಡದಿರುವುದೇ ಒಳ್ಳೆಯದು. ರಮ್ಯಾ, ಇದನ್ನು ಅಟ್ಟಕ್ಕೆ ಹಾಕಲು ಅಪ್ಪನಿಗೆ ಹೇಳು."

ಅಜ್ಜಿ ಪುಷ್ಪಾವತಿ ಆ ಕೈಯನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡರು. ರಮ್ಯಶ್ರೀ ನೆಲ ನೋಡುತ್ತಿದ್ದಳು.

ಹಿತ್ತಿಲಿಗೆ ಬಂದ ಮೇಲೆ ಅವಳು ತ್ರಿಶಾಳ ಲಂಗದ ತುದಿ ಹಿಡಿದುಕೊಂಡಳು.

"ಹೇಳಬೇಡ, ಆಯ್ತಾ? ಸೋಮವಾರ ನನಗೆ ಗೂಬೆ ಬಂದೇ ಬರ್ತದೆ. ಬಂದ ಕೂಡಲೇ ಅದನ್ನು ನಿನಗೇ ಕೊಡ್ತೇನೆ. ನೀನು ಅಜ್ಜಿಯ ಕಾಯಿ ಎಲ್ಲ ವಾಪಸ್ ಕೊಡು. ನಾನು ಯೋಚನೆ ಮಾಡಿ ಇಟ್ಟಿದ್ದೇನೆ."

"ಇನ್ನೂ ಆಡ್ತೀಯಾ?"

"ಇನ್ನು ಒಂದೋ ಎರಡೋ ಪೆಟ್ಟಿಗೆ. ನಿನ್ನೆ ಒಂದು ಕಣ್ಣು ಬಂತಲ್ಲ, ಹತ್ತಿರ ಬಂದಿದೆ."

ತ್ರಿಶಾ ಬಾಯಿ ತೆರೆದಳು. ಗೂಬೆ ಇಲ್ಲ ಅನ್ನಬೇಕು ಅನ್ನಿಸಿತು. ಆದರೆ ಹೇಳಿದರೆ ರಮ್ಯಶ್ರೀ ಮತ್ತೆ ತನ್ನ ಬೆಂಚಿನಲ್ಲಿ ಕೂರುತ್ತಾಳೆಯೇ?

* * *

ಅಂದು ಸಂಜೆ ತ್ರಿಶಾಳ ಮನೆಗೆ, ಮೂಡುಬಿದಿರೆಯ ಕಾಲೇಜಿನಲ್ಲಿ ಓದುತ್ತಿದ್ದ ದೊಡ್ಡಪ್ಪನ ಮಗ ಶಶಿರಾಜ್ ಬಂದಿದ್ದ. ತ್ರಿಶಾಳಿಗೆ ಗೇಮ್ ಆಡಲು ಕಲಿಸಿದವನು ಅವನೇ.

"ಶಶಿಯಣ್ಣ, ಗೇಮಿನ ಪೆಟ್ಟಿಗೆಯೊಳಗೆ ಆ ಚಿನ್ನದ ಗನ್ ನಿಜವಾಗಿ ಇರ್ತದಾ?"

"ಒಳಗೆ ಎಂಥದ್ದೂ ಇರುವುದಿಲ್ಲ ಮಾರಾಯ್ತಿ. ಪೆಟ್ಟಿಗೆ ಅಂದರೆ ಬರೀ ಚಿತ್ರ. ನೀನು ಒತ್ತಿದ ಮೇಲೆ ಕಂಪ್ಯೂಟರ್ ಏನು ಕೊಡುವುದು ಅಂತ ನಿಶ್ಚಯ ಮಾಡ್ತದೆ. ನೂರಾರು ಸಲ ಒತ್ತಿದರೆ ಒಮ್ಮೆ ಬರಬಹುದು, ಬಾರದೆಯೂ ಇರಬಹುದು."

"ಮತ್ತೆ ಪಕ್ಕದಲ್ಲೇ ಬಂದು ಹೋಗ್ತದಲ್ಲ?"

"ಅದು ತೋರಿಸಲಿಕ್ಕೆ ಮಾತ್ರ. ಸ್ವಲ್ಪದರಲ್ಲಿ ತಪ್ಪಿತು ಅಂತ ಕಂಡರೆ ನೀನು ಬಿಡ್ತೀಯಾ? ಇದೆಲ್ಲ ಇವತ್ತಿನದ್ದಲ್ಲ. ಜಪಾನಿನಲ್ಲಿ ಹಿಂದೆಯೇ ಒಂದು ಮೆಷಿನ್ ಇತ್ತಂತೆ. ನಾಣ್ಯ ಹಾಕಿ ತಿರುಗಿಸಿದರೆ ಉಂಡೆಯಂಥ ಡಬ್ಬಿ ಬೀಳ್ತದೆ, ಒಳಗೆ ಯಾವ ಆಟಿಕೆ ಅಂತ ಗೊತ್ತಿಲ್ಲ. ನಮ್ಮ ಅಪ್ಪಂದಿರ ಕಾಲದಲ್ಲಿ ಅಂಗಡಿಗಳಲ್ಲಿ ಚೀಟಿ ಹರಿಯುವ ಬೋರ್ಡ್ ತೂಗು ಹಾಕ್ತಿದ್ದರು. ಅದೇ ಆಸೆ ಆಮೇಲೆ ಕಂಪ್ಯೂಟರಿಗೆ ಬಂತು, ಶೂಟಿಂಗ್ ಗೇಮಿಗೆ ಬಂತು, ಟೊಪ್ಪಿ, ಗನ್ನಿನ ಬಣ್ಣ ಎಲ್ಲ ಪೆಟ್ಟಿಗೆಯೊಳಗೆ ಹೋಯಿತು. ಬೆಲ್ಜಿಯಂ ದೇಶದಲ್ಲಿ ಇದು ಜೂಜು ಅಂತ ಸರಕಾರವೇ ಹೇಳಿತು."

ತ್ರಿಶಾ ಕೇಳಿದಳು: "ಆ ಪೆಟ್ಟಿಗೆ ಮಾಡಿದವರಿಗೆ ಗೊತ್ತಾಗುವುದಿಲ್ಲವಾ, ಯಾರು ಏನೆಲ್ಲ ಕಳಕೊಂಡರು ಅಂತ?"

"ಲೆಕ್ಕ ಗೊತ್ತಿರ್ತದೆ. ಆದರೆ ಅವರು ಆಡುವವರ ಮನೆಗೆ ಹೋಗುವುದಿಲ್ಲವಲ್ಲ."

ತ್ರಿಶಾ ಹೋಗಿದ್ದಳು. ಸೆಟೆದ ಆ ಬೆರಳುಗಳು ಅವಳ ಕಣ್ಣ ಮುಂದೆಯೇ ಇದ್ದವು.

* * *

ಸೋಮವಾರ ಊಟವಾದ ಕೂಡಲೇ ಜಗಲಿ ತುಂಬಿತು. ಎಲ್ಲರಿಗಿಂತ ಮುಂದೆ ರಮ್ಯಶ್ರೀ, ಮುಷ್ಟಿ ಬಿಗಿಹಿಡಿದುಕೊಂಡು ಕೂತಿದ್ದಳು.

ತ್ರಿಶಾ ಅವಳಿಂದ ಏನೂ ತೆಗೆದುಕೊಳ್ಳಲಿಲ್ಲ. ತಾನೇ ಒಂದು ಪೆಟ್ಟಿಗೆ ತೆರೆದಳು. ಆಮೇಲೆ ಇನ್ನೊಂದು. ಮತ್ತೊಂದು. ರಬ್ಬರು, ರಿಬ್ಬನ್ನು, ಪೆನ್ನಿನ ಮುಚ್ಚಳ, ಒಂದು ಕಣ್ಣು. ಕೊನೆಯ ಪೆಟ್ಟಿಗೆಯನ್ನೂ ಮಗುಚಿ ಹಾಕಿದಳು.

"ಎಂಥ ಮಾಡ್ತಿದ್ದೀ?" ಎಂದ ರಂಜಿತ್.

ತ್ರಿಶಾ ಕಂಪಾಸ್ ಬಾಕ್ಸಿನ ಅಡಿಯಿಂದ ಚೀಟಿ ತೆಗೆದು ನೆಲದ ಮೇಲಿಟ್ಟಳು. "ಗೂಬೆ ಯಾವುದರಲ್ಲೂ ಇಲ್ಲ. ಯಾವತ್ತೂ ಇರಲಿಲ್ಲ. ನಾನು ಹಾಕಲೇ ಇಲ್ಲ."

ರಂಜಿತ್ ಎದ್ದು ಡಬ್ಬಿಯನ್ನು ಒದ್ದ. "ಮೋಸ! ಇಷ್ಟು ದಿನ ನಮ್ಮನ್ನು ಮಂಗ ಮಾಡಿದ್ದಾ?" ಬೆಂಕಿಪೆಟ್ಟಿಗೆಗಳು ಅಂಗಳದ ತುಂಬ ಚೆಲ್ಲಿಹೋದವು. ತ್ರಿಶಾ ಮಂಜೊಟ್ಟಿ ತುಂಬಿದ ಬಾಟಲಿಯನ್ನು ಮುಂದಿಟ್ಟಳು. ಮಕ್ಕಳು ತಮ್ಮ ತಮ್ಮ ಬೀಜ ಹೆಕ್ಕಿಕೊಂಡು ಒಬ್ಬೊಬ್ಬರಾಗಿ ಹೋದರು.

ರಮ್ಯಶ್ರೀ ಕೊನೆಗೆ ಉಳಿದಳು. ನುಣುಪು ಕಾಯಿಗಳನ್ನಷ್ಟೇ ಆರಿಸಿ ಕರವಸ್ತ್ರದಲ್ಲಿ ಕಟ್ಟಿಕೊಂಡಳು. ತ್ರಿಶಾ ಗೂಬೆ ಕೀಚೈನನ್ನು ಅವಳತ್ತ ಚಾಚಿದಳು.

"ನನಗೆ ಈಗ ಅದು ಬೇಡ," ಎಂದಳು ರಮ್ಯಶ್ರೀ. ಅವಳ ಕಣ್ಣು ತುಂಬಿತ್ತು. ಮಧ್ಯಾಹ್ನದ ಪಾಠಕ್ಕೆ ಅವಳು ಬೇರೆ ಬೆಂಚಿನಲ್ಲಿ ಕೂತಳು. ತ್ರಿಶಾಳಿಗೆ ಅಳು ಬಂತು, ಅತ್ತಳು. ಯಾರೂ ಯಾಕೆ ಎಂದು ಕೇಳಲಿಲ್ಲ.

* * *

ಶಾಲೆ ಬಿಟ್ಟ ಮೇಲೆ ತ್ರಿಶಾ ಮನೆಗೆ ಹೋಗದೆ ರಮ್ಯಶ್ರೀಯ ಮನೆಯ ಗೇಟಿನ ಹತ್ತಿರ ನಿಂತಳು.

"ಯಾಕೆ ಬಂದೆ?" ಗೇಟಿನ ಒಳಬದಿಯಿಂದ ರಮ್ಯಶ್ರೀ ಕೇಳಿದಳು. "ಕಾಯಿ ಚೀಲಕ್ಕೆ ಹಾಕಿ ಆಯಿತು. ಅಜ್ಜಿಗೆ ಗೊತ್ತಿಲ್ಲ."

"ಅಜ್ಜಿಗೆ ಹೇಳಲಿಕ್ಕೆ ಬಂದೆ."

"ನಾನು ಕದ್ದದ್ದು ಅಂತಲಾ?"

"ಅಲ್ಲ. ಅಜ್ಜಿಯ ಕೈ ಬೀಳಿಸಿದ್ದಲ್ಲ ಅಂತ."

ರಮ್ಯಶ್ರೀ ತುಂಬ ಹೊತ್ತು ಗೇಟು ಹಿಡಿದುಕೊಂಡೇ ನಿಂತಳು. ಆಮೇಲೆ ಚಿಲಕ ತೆಗೆದಳು.

ತ್ರಿಪುರಸುಂದರಮ್ಮ ಹಾಸಿಗೆಯಲ್ಲಿ ಗೋಡೆಯ ಕಡೆ ತಿರುಗಿ ಮಲಗಿದ್ದರು. "ನಾನು ತೆಗೆದದ್ದು ಅಜ್ಜಿ," ಎಂದಳು ರಮ್ಯಶ್ರೀ. "ನಾನು ಇಟ್ಟುಕೊಂಡದ್ದು," ಎಂದಳು ತ್ರಿಶಾ. ಪೆಟ್ಟಿಗೆಯ ಆಟವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಒಂದು ಕಣ್ಣಿನ ಚೀಟಿಯನ್ನೂ ಬಿಡಲಿಲ್ಲ.

ಅಜ್ಜಿ ಬೈಯುತ್ತಾರೆ ಎಂದು ಇಬ್ಬರೂ ತಲೆ ತಗ್ಗಿಸಿ ನಿಂತರು. ಅಜ್ಜಿ ಎದ್ದು ಕೂತು, ತಮ್ಮ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಹಾಗಾದರೆ ಇದು ಬೀಳಿಸಿದ್ದಲ್ಲ," ಎಂದರು, ಕೈಗೇ ಹೇಳುವಂತೆ. ಮತ್ತೆ ಮಕ್ಕಳ ಕಡೆ ತಿರುಗಿದರು. "ನಿಮ್ಮಿಬ್ಬರಿಗೂ ಬೈಯಲಿಕ್ಕೆ ಉಂಟು. ಆಮೇಲೆ ಬೈಯುತ್ತೇನೆ. ಮೊದಲು ಮಣೆ ತನ್ನಿ."

ಮಣೆ ಇನ್ನೂ ಅಟ್ಟಕ್ಕೆ ಹೋಗಿರಲಿಲ್ಲ. ಅಜ್ಜಿ ಗುಳಿ ತುಂಬಿಸತೊಡಗಿದರು. ಒಂದು ಕಾಯಿ ಬೆರಳಿನಿಂದ ಜಾರಿ ಚಾಪೆಯ ಮೇಲೆ ಉರುಳಿತು. ತ್ರಿಶಾ ಥಟ್ಟನೆ ಬಾಗಿದಳು.

"ಬಿಡು. ಬಿದ್ದದ್ದು ನನಗೆ ಗೊತ್ತಾಗಿದೆ," ಎಂದರು ಅಜ್ಜಿ. "ನಾನೇ ಹೆಕ್ಕುತ್ತೇನೆ."

ತ್ರಿಶಾ ಕೈ ಹಿಂದೆ ತೆಗೆದಳು. ಅಜ್ಜಿಯ ಬೆರಳು ಕಾಯಿಯ ಹತ್ತಿರ ಹೋಯಿತು, ಜಾರಿತು, ಮತ್ತೆ ಹೋಯಿತು. ಯಾರಿಗೂ ಅವಸರವಿರಲಿಲ್ಲ. ಮಣೆಯ ಗುಳಿಗಳಿಗೆ ಮುಚ್ಚಳವಿಲ್ಲ. ಯಾವುದರಲ್ಲಿ ಎಷ್ಟು ಉಂಟು ಎಂದು ಮೂವರಿಗೂ ಕಾಣುತ್ತಿತ್ತು.

ಕೊನೆಗೂ ಕಾಯಿ ಎರಡು ಬೆರಳುಗಳ ನಡುವೆ ಬಂತು. ರಮ್ಯಶ್ರೀ ತ್ರಿಶಾಳ ಮುಖ ನೋಡಲಿಲ್ಲ. ಚಾಪೆಯ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದಳು. ತ್ರಿಶಾ ಅಲ್ಲಿ ಕೂತು, ಅಜ್ಜಿಯ ಕೈ ಮುಂದಿನ ಕಾಯಿಗೆ ಹೋಗುವುದನ್ನು ಕಾದಳು.