ಕೆಳಗಿನಿಂದ ಓದಬೇಕಾದ ಪತ್ರ

"ಯಾವ ಮುಖ ಇಟ್ಕೊಂಡು ಬಂದೆ ನೀನು?"

ಬಾಗಿಲಲ್ಲಿ ನಿಂತಿದ್ದ ಕುಬಾನ್‌ನ ನಗು ಅಲ್ಲೇ ಮಾಯವಾಯಿತು. ಬೆಟ್ಟದ ತುದಿಯ ಹವಾಮಾನ ಕೇಂದ್ರದಿಂದ ಸಿಕ್ಕ ಲಾರಿ ಹತ್ತಿ ಇಳಿದು ಬಂದಿದ್ದ ಬಡಪಾಯಿ! ಗಡ್ಡ ಕೂಡ ಬೋಳಿಸಿರಲಿಲ್ಲ.

ನಾರಿನ್ ಊರಿನ ಆ ಪುಟ್ಟ ಕಚೇರಿ ಉಣ್ಣೆಯ ಹಾಸುಗಳನ್ನು ಹೊರದೇಶಕ್ಕೆ ಮಾರುತ್ತಿತ್ತು. ಹಾಗೆ ಕೇಳಿದ ಜಿಬೆಕ್‌ಳದ್ದು ಅಲ್ಲಿ ಗಿರಾಕಿಗಳ ಪತ್ರವ್ಯವಹಾರವೆಲ್ಲ. ಈ ಹೊತ್ತಿನಲ್ಲಿ ಮಾತ್ರ ಅವಳ ಕಣ್ಣು ಅತ್ತೂ ಅತ್ತೂ ಕೆಂಪಾಗಿತ್ತು.

"ಏನಾಯ್ತೇ? ಅಮ್ಮ ಆಚೆ ಗಾಡೀಲಿ ಕೂತಿದಾರೆ. ಓಲೆ ತಂದಿದಾರೆ ಕಣೇ!"

ಓಲೆ! ಗಂಡಿನ ತಾಯಿ ಬಂದು ಹುಡುಗಿಯ ಕಿವಿಗೆ ಓಲೆ ಹಾಕಿದರೆ ಮುಗಿಯಿತು, ಮದುವೆ ಗಟ್ಟಿಯಾದಂತೆ. ಆದರೆ ನಾಳೆ ಅವಳಿಗೆ ಓಲೆ ಹಾಕಲು ಬರುವವರು ಹಿಟ್ಟಿನ ಗಿರಣಿಯವರು! ಈಗಷ್ಟೇ ಅಪ್ಪನಿಗೆ ಫೋನಿನಲ್ಲಿ 'ಆಗಲಿ' ಎಂದಿದ್ದಳು...

"ನಾಟಕ ಆಡ್ಬೇಡ. ಓದು ಇದನ್ನ."

ಪರದೆಯ ಮೇಲೆ ಅವನದೇ ಪತ್ರ. 'ಜಿಬೆಕ್, ಈ ಮಾತು ಇಲ್ಲಿಗೇ ಬಿಡೋಣ. ಅಮ್ಮನನ್ನು ಕಳಿಸುವುದಿಲ್ಲ. ನೀನು ಸುಖವಾಗಿರು.'

"ನೀನು ಮದುವೆಗೆ ಕೇಳಿದ್ದಕ್ಕೆ ನಾನು ಒಪ್ಪಿಗೆ ಅಂತ ಬರೆದೆ. ಅದಕ್ಕೆ ಇದಾ ಉತ್ತರ?"

"ಅಯ್ಯೋ, ಇದು ನಿನ್ನ ಒಪ್ಪಿಗೆ ಬರೋಕೆ ಮುಂಚೆ ಬರೆದಿದ್ದು! ಗಿರಣಿಯವರು ನಿನ್ನ ಕೇಳ್ತಿದಾರೆ ಅಂತ ಗೊತ್ತಾಯ್ತು. ನಿನ್ನಿಂದ ಒಂದಕ್ಷರ ಇಲ್ಲ. ಹೊಟ್ಟೆ ಉರೀತು, ಬರೆದುಬಿಟ್ಟೆ. ಮಾರನೇ ದಿನ ನಿನ್ನ ಒಪ್ಪಿಗೆ ಬಂತು, ತಕ್ಷಣ ಇನ್ನೊಂದು ಬರೆದೆನಲ್ಲ!"

"ಸುಳ್ಳು! ಎಲ್ಲಿದೆ ಇನ್ನೊಂದು? ಇದೇ ಬಂದಿರೋದು ಇವತ್ತು ಬೆಳಗ್ಗೆ."

ಮೂಲೆಯಲ್ಲಿ ಹಾಸುಗಳನ್ನು ಕಟ್ಟುತ್ತಿದ್ದ ರಹಿಮಾ ಎಲ್ಲರಿಗೂ 'ಎಜೆ', ಎಂದರೆ ಅಕ್ಕ. ದಾರ ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟಳು.

"ಏ ಹುಡುಗಿ, ಯಾವನೋ ಗಿರಾಕಿ ಪತ್ರ ಹಾಕಿದ್ರೆ ಅಸಲಿಯೋ ನಕಲಿಯೋ ಅಂತ ಅದರ ಹೊಟ್ಟೆ ಬಗೆದು ನೋಡ್ತೀಯ. ಇವನದ್ದು ನೋಡಿದ್ಯಾ?"

ಜಿಬೆಕ್ ಪೆಚ್ಚಾದಳು. ನೋಡಿರಲಿಲ್ಲ... ಮೊದಲ ಸಾಲಿಗೇ ಕಣ್ಣು ತುಂಬಿಬಂದಿತ್ತು.

ಮೆನುವಿನಲ್ಲಿ 'ಸಂದೇಶದ ಮೂಲ' ಒತ್ತಿದಳು. ಪರದೆ ತುಂಬ ಸಾಲುಗಳು. ಪತ್ರ ಹಾದುಬಂದ ಪ್ರತಿ ಯಂತ್ರವೂ ತನಗೆ ಅದು ಯಾವಾಗ ಸಿಕ್ಕಿತೆಂದು ಒಂದರ ಮೇಲೊಂದು ಬರೆದಿಡುತ್ತದೆ. ಹಾಗಾಗಿ ಕೆಳಗಿನಿಂದಲೇ ಓದಬೇಕು.

"ಬರೆದ ತಾರೀಕು ಹೋದ ಸೋಮವಾರ..." ಅವಳು ಗೊಣಗಿದಳು. "ತಾರೀಕನ್ನ ಯಾರು ಬೇಕಾದ್ರೂ ತಿದ್ದಬಹುದು."

"ತಿದ್ದೋ ಮುಖಾನೇನೇ ಇದು?" ಎಂದಳು ಎಜೆ.

ಜಿಬೆಕ್ ಮೇಲಿನ ಸಾಲಿಗೆ ಹೋದಳು. ಬೆಟ್ಟದ ಪತ್ರಗಳೆಲ್ಲ ಹಾದುಬರುವ ಕಣಿವೆಯ ಊರಿನ ಯಂತ್ರವೂ ಪತ್ರವನ್ನು ಪಡೆದದ್ದು ಅದೇ ಸೋಮವಾರ! ಆ ಸಾಲನ್ನು ಬರೆಯುವುದು ಕುಬಾನ್‌ನ ಕೈಯಲ್ಲಿರಲಿಲ್ಲ. ಅದರ ಮೇಲಿನ ಸಾಲು ಇವರ ಕಚೇರಿಯದು, ಇವತ್ತು ಬೆಳಗಿನದು. ಅಷ್ಟೂ ದಿನ ಪತ್ರ ಕಣಿವೆಯಲ್ಲೇ ಬಿದ್ದಿತ್ತು.

"ಅಲ್ಲಿನ ಯಂತ್ರ ಕೆಟ್ಟಿತ್ತಂತೆ," ಎಂದ ಕುಬಾನ್. "ನಮಗೆ ಬರೋದೆಲ್ಲ ಬರ್ತಿತ್ತು, ನಮ್ಮಿಂದ ಹೋಗೋದು ನಿಂತಿತ್ತು. ಇವತ್ತು ರಿಪೇರಿ ಆಯ್ತು ಅಂತ ದಾರೀಲಿ ಹೇಳಿದ್ರು."

'ನಾನು ಒಪ್ಪಿಗೆ ಬರೆದದ್ದು ಮಂಗಳವಾರ... ದೇವರೇ, ಏನು ಮಾಡಿಕೊಂಡೆ ನಾನು!'

"ಊರವರ ಪತ್ರಕ್ಕೆಲ್ಲ ಇಷ್ಟೊಂದು ಸಾಲು ಓದ್ತೀಯ," ಕುಬಾನ್ ಮೆಲ್ಲಗೆ ಕೇಳಿದ. "ನನ್ನ ಪತ್ರಕ್ಕೆ ಮೂರೇ ಸಾಲು ಸಾಕಾಯ್ತಾ?"

"ಅವರ ಪತ್ರ ಓದೋವಾಗ ನನ್ನ ಕೈ ನಡುಗಲ್ಲ ಕಣೋ..."

ಅವಳು ಕಣ್ಣೊರೆಸಿಕೊಂಡು ಫೋನ್ ಎತ್ತಿದಳು.

"ಅಪ್ಪಾ, ಗಿರಣಿಯವರಿಗೆ ಬರಬೇಡಿ ಅಂತ ಹೇಳಿ... ಹೌದು, ನಾನೇ ಹೂಂ ಅಂದಿದ್ದು. ತಪ್ಪು ನಂದೇ. ಬೈಯಿರಿ. ಆದ್ರೆ ನಾನು ಕುಬಾನ್‌ನ ಬಿಟ್ಟು ಬೇರೆಯವರ ಓಲೆ ಹಾಕ್ಕೊಳ್ಳಲ್ಲ. ಅವರಮ್ಮ ಇಲ್ಲೇ ಬಂದಿದಾರೆ."

ಅಪ್ಪ ಚೆನ್ನಾಗಿಯೇ ಬೈದ. ಅವಳು ಅಷ್ಟನ್ನೂ ತಲೆತಗ್ಗಿಸಿ ಕೇಳಿಸಿಕೊಂಡಳು. ಕೊನೆಗೆ ಅಪ್ಪನೇ ಮೆತ್ತಗಾದ.

"ನಾಳೆವರೆಗೆ ಕಾಯೋದು ಬೇಡ, ಇವತ್ತೇ ಕರ್ಕೊಂಡು ಬಾ. ನಿಮ್ಮಮ್ಮ ಎಣ್ಣೇಲಿ ಹಿಟ್ಟಿನ ಬೋರ್ಸೋಕ್ ಕರೀತಾಳೆ. ಹಿಟ್ಟು ಗಿರಣಿಯವರದ್ದೇ, ಬಂದವರ ಹತ್ರ ಬಾಯಿಬಿಡ್ಬೇಡ!"

ಅಳುತ್ತಿದ್ದವಳಿಗೆ ನಗು ಬಂದುಬಿಟ್ಟಿತು.

ಅಷ್ಟರಲ್ಲಿ ಕಂಪ್ಯೂಟರ್ 'ಟಿಣ್' ಎಂದಿತು. ಕುಬಾನ್‌ನ ಎರಡನೆಯ ಪತ್ರ! ಕೈ ಮೌಸ್‌ನತ್ತ ಹೋಯಿತು. ಮುಟ್ಟದೆ ಹಿಂದಕ್ಕೆ ತೆಗೆದುಕೊಂಡಳು.

"ಏನು ಬರೆದಿದ್ದೀಯ? ನೀನೇ ಹೇಳು."

"ಎಜೆ ಇದಾರೆ..."

"ನಂಗೆ ಕಿವಿ ಕೇಳಲ್ಲಪ್ಪ," ಎಂದ ಎಜೆ ಇದ್ದಲ್ಲಿಂದ ಅಲುಗಲಿಲ್ಲ.

ಕುಬಾನ್ ಕಿವಿಯವರೆಗೆ ಕೆಂಪಾದ. "'ಬರ್ತಿದೀನಿ, ಓಲೆ ತರ್ತೀನಿ. ಹಿಂದಿನ ಪತ್ರ ಅಳಿಸಿಹಾಕು ಜಿಬೆಕ್, ನಿನ್ನ ಬಿಟ್ಟು ನನ್ನ ಕೈಲಿ ಇರೋಕಾಗಲ್ಲ.'"

ಅವಳು ಎದ್ದು ಬಂದು ಅವನ ಕೈ ಹಿಡಿದಳು.

"ಅಳಿಸಲ್ಲ. ಇನ್ಮೇಲೆ ಜಗಳ ಆದಾಗಲೆಲ್ಲ ತೆಗೆದು ತೋರಿಸ್ತೀನಿ."

"ತೋರಿಸು. ಆದ್ರೆ ಮೊದಲು ಕೆಳಗಿನಿಂದ ಓದು... ಆಮೇಲೆ ಬೈಯಿ."