ನಲವತ್ತು ನಿಮಿಷದ ತವರು

"ಹೊಸಿಲು ದಾಟಿದ್ಯೋ, ಮತ್ತೆ ಈ ಮನೆಗೆ ಬರಬೇಡ!"

ಅತ್ತೆ ಸೌಟು ಹಿಡಿದೇ ಅಡುಗೆಮನೆ ಬಾಗಿಲಿಗೆ ಬಂದು ನಿಂತಳು. ಬೇಯುತ್ತಿದ್ದ ಕೋಳಿಯ ಪಾತ್ರೆಗೆ ಮುಚ್ಚಳ ಹಾಕಿದ ಬಿಶಿಯಾ, ಏಪ್ರನ್ ಬಿಚ್ಚಿ ಮೊಳೆಗೆ ಸಿಕ್ಕಿಸಿದಳು. ಅಂದು ಚೀನೀ ಪಂಚಾಂಗದ ವರ್ಷದ ಕೊನೆಯ ದಿನ. ಸಂಜೆ ಇಡೀ ಸಂಸಾರ ಒಟ್ಟಿಗೆ ಕೂತು ಉಣ್ಣಬೇಕು. ಅಡುಗೆ ಮಾಡುವ ಸೊಸೆಯೇ ಹೊರಟು ನಿಂತರೆ ಯಾವ ಅತ್ತೆ ತಾನೇ ಸುಮ್ಮನಿದ್ದಾಳು? ಆದರೆ ಬೆಳಿಗ್ಗೆಯೇ ಪಂಗ್‌ಹೂ ದ್ವೀಪದಿಂದ ಅಣ್ಣ ತಿಯೆನ್‌ಫು ಫೋನ್ ಮಾಡಿದ್ದ. ಅಮ್ಮ ನೀರೂ ನುಂಗುತ್ತಿಲ್ಲ, ನಿನ್ನ ಹೆಸರನ್ನೇ ಕನವರಿಸುತ್ತಿದ್ದಾಳೆ ಎಂದು ಅತ್ತಿದ್ದ.

"ನಾಡಿದ್ದು, ಹೊಸ ವರ್ಷದ ಎರಡನೇ ದಿನ ಹೋಗು. ಕೊಟ್ಟ ಹೆಣ್ಣು ತವರಿಗೆ ಹೋಗೋದು ಅವತ್ತೇ. ಇವತ್ತು ತವರಿನ ದೀಪ ನೋಡಿದ್ರೆ ನಿಮ್ಮಣ್ಣನ ಮನೆ ಏಳಿಗೆ ಆಗುತ್ತೇನೇ? ಇಲ್ಲಿ ಕಾವ್‌ಶುಂಗ್‌ನಿಂದ ನಿಮ್ಮ ದ್ವೀಪದ ಮಗೊಂಗ್‌ಗೆ ವಿಮಾನದಲ್ಲಿ ನಲವತ್ತು ನಿಮಿಷ! ಅಷ್ಟಕ್ಕೆ ಇದೇನು ಅವಸರ?"

"ನಲವತ್ತು ನಿಮಿಷ...! ಮದುವೆ ಆದಾಗಿಂದ ಇದನ್ನೇ ಕೇಳ್ತಿದೀನಿ ಅತ್ತೆ. ಅಮ್ಮನಿಗೆ ಆಪರೇಷನ್ ಆದಾಗ 'ಇಲ್ಲೇ ಅಲ್ವಾ, ಮುಂದಿನ ವಾರ ಹೋಗು' ಅಂದ್ರಿ. ಆ ವಾರ ಬರ್ಲೇ ಇಲ್ಲ. ಸಿಡ್ನಿಯಿಂದ ನಿಮ್ಮ ಮಗಳು ಬಂದ್ರೆ 'ಪಾಪ, ಅಷ್ಟು ದೂರದಿಂದ' ಅಂತ ತಿಂಗಳುಗಟ್ಲೆ ಇಟ್ಕೋತೀರಿ. ನಮ್ಮಮ್ಮನ ಮನೆ ಹತ್ತಿರ ಇರೋದು ನನ್ನ ತಪ್ಪಾ?"

ಹಿತ್ತಲ ಗಿಡ ಮದ್ದಲ್ಲ ಅನ್ನುವ ಹಾಗೆ, ಹತ್ತಿರದ ತವರು ಈ ಮನೆಯವರ ಲೆಕ್ಕಕ್ಕೆ ತವರೇ ಅಲ್ಲ! ಗಂಡ ಗ್ವೋದೊಂಗ್ ಮೆಲ್ಲಗೆ, "ನಾಡಿದ್ದು ನಾನೇ ಕರ್ಕೊಂಡು..." ಎಂದು ರಾಗ ತೆಗೆದ.

"ನೀವು ಮೀನು ಹುರೀರಿ. ಉಪ್ಪು ಹಚ್ಚಿಟ್ಟಿದೀನಿ," ಎಂದವಳೇ ಚೀಲ ಎತ್ತಿಕೊಂಡಳು. "ಅಮ್ಮನ ಹತ್ರ ಎಷ್ಟು ದಿನ ಇರ್ಬೇಕೋ ಅಷ್ಟು ದಿನ ಇದ್ದು ಬರ್ತೀನಿ. ಬಾಗಿಲು ತೆಗೆಯೋದು, ಬಿಡೋದು ನಿಮಗೆ ಸೇರಿದ್ದು!"

ವಿಮಾನ ನಿಲ್ದಾಣದಲ್ಲಿ ಕಾದು, ಯಾರೋ ಬಿಟ್ಟುಕೊಟ್ಟ ಸೀಟು ಸಿಗುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು. ದ್ವೀಪದ ಮೇಲೆ ಚಳಿಗಾಲದ ಗಾಳಿ ಹುಚ್ಚೆದ್ದು ಬೀಸುತ್ತಿತ್ತು. ಇನ್ನೇನು ಚಕ್ರ ನೆಲ ಮುಟ್ಟಬೇಕು, ಅಷ್ಟರಲ್ಲಿ ವಿಮಾನ ವಾಲಿ ಮತ್ತೆ ಮೇಲಕ್ಕೇರಿತು.

"ವಾಪಸ್ ಕರ್ಕೊಂಡು ಹೋದ್ರೆ ನಾನು ಇಳಿಯೋದೇ ಇಲ್ಲ!" ಎಂದು ಬಿಶಿಯಾ ಕೂಗಿಬಿಟ್ಟಳು.

"ಇಲ್ಲೇ ಇಳೀತೀಯೇನವ್ವಾ, ಸಮುದ್ರಕ್ಕೆ?" ಎಂದ ಪಕ್ಕದ ಮುದುಕ, ಅವಳ ಮುಖ ಕಂಡು ಬಾಯಿ ಮುಚ್ಚಿಕೊಂಡ. ಎರಡನೇ ಸಲಕ್ಕೆ ವಿಮಾನ ನೆಲ ಹಿಡಿಯಿತು.

ಅವಳು ಮನೆ ಮುಟ್ಟಿದಾಗ ಮುಸ್ಸಂಜೆ. ಒಳಗೆ ದೀಪ ಹಚ್ಚಿಯಾಗಿತ್ತು. ತಿಯೆನ್‌ಫು ಬಾಗಿಲಲ್ಲೇ ನಿಂತಿದ್ದ.

"ಬಿಶಿಯಾ... ದೀಪ ಹಚ್ಚಾಯ್ತಲ್ಲೇ... ಸ್ವಲ್ಪ ಹೊತ್ತು ಪಕ್ಕದ ಮನೇಲಿ ಕೂತಿರ್ತೀಯಾ?"

ಒಡಹುಟ್ಟಿದವನ ಬಾಯಲ್ಲೂ ಇದೇ ಮಾತು! ಅವಳಿಗೆ ದುಃಖ ಉಕ್ಕಿ ಬಂತು. ಆದರೆ ಒಂದು ಹೆಜ್ಜೆಯನ್ನೂ ಹಿಂದಿಡಲಿಲ್ಲ.

"ನಾನು ಕಾಲಿಟ್ಟ ಮಾತ್ರಕ್ಕೆ ಕೆಡೋ ಏಳಿಗೆ ಕೆಟ್ಟೇ ಹೋಗ್ಲಿ ಅಣ್ಣ! ದಾರಿ ಬಿಡು!"

"ಬಿಡೋ ದಾರಿ..." ಒಳಗಿನಿಂದ ಅಮ್ಮನ ಕ್ಷೀಣ ದನಿ. "ನಮ್ಮಮ್ಮನ ಉಸಿರು ನಿಂತ ಮೇಲೆ ತಲುಪಿದ್ದೆ ಕಣೋ ನಾನು. ತಡವಾಗಿ ಬಂದ ಮಗಳು ಅಂತ, ಪದ್ಧತಿ ಅಂತ, ಬೀದಿಯಿಂದ ಮೊಣಕಾಲಲ್ಲಿ ತೆವಳಿಕೊಂಡು, ಅಳ್ತಾ ಬಂದೆ... ಅವಳು ನೋಡ್ಲೇ ಇಲ್ಲ. ನನ್ನ ಮಗಳು ನಡ್ಕೊಂಡು ಬರ್ಲಿ. ನಾನು ನೋಡ್ಬೇಕು!"

ತಿಯೆನ್‌ಫು ತಲೆ ತಗ್ಗಿಸಿ ಪಕ್ಕಕ್ಕೆ ಸರಿದ. ಬಿಶಿಯಾ ಕಣ್ಣೊರೆಸಿಕೊಂಡು, ಬೆನ್ನು ನೇರ ಮಾಡಿಕೊಂಡು, ಮಂಚದ ಕಡೆಗೆ ನಡೆದಳು. ಅಮ್ಮ ರೆಪ್ಪೆ ಮುಚ್ಚದೆ ನೋಡುತ್ತಿದ್ದಳು.